ಹಾಟ್ ಹ್ಯಾಚ್ ಚರ್ಚೆ: ಭಾನುವಾರ ಬೆಳಿಗ್ಗೆ ಕೋಟೆ ಕೆರೆ ಹತ್ತಿರ

ಎಲ್ಲರಿಗೂ ನಮಸ್ಕಾರ ರೀ. ಹಾಟ್ ಹ್ಯಾಚ್ ಅಂದರೆ ಜೋರಾಗಿ ಓಡುವ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಕಾರು. ಇವುಗಳ ಡಿಸೈನ್‌ನಲ್ಲಿ ಅಲಂಕಾರ ಎಷ್ಟಿರಬೇಕು ಎಂದು ನಿನ್ನೆ ರಾತ್ರಿ ಶುರುವಾದ ಮಾತು ಮುಗಿಯಲೇ ಇಲ್ಲ. ಭಾನುವಾರ ಬೆಳಿಗ್ಗೆ 7 ಗಂಟೆಗೆ ಬೆಳಗಾವಿಯ ಕೋಟೆ ಕೆರೆ ಹತ್ತಿರ ಸೇರಿ ಮುಂದುವರಿಸೋಣ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. 2017ರ ಹೋಂಡಾ ಸಿವಿಕ್ ಟೈಪ್ ಆರ್‌ನಲ್ಲಿ ಅಲಂಕಾರ ಜಾಸ್ತಿಯಾಯಿತು. ಹಿಂದಿನ ದೊಡ್ಡ ರೆಕ್ಕೆ ಇರಲಿ, ಅದಕ್ಕೆ ಕೆಲಸ ಇದೆ. ವೇಗದಲ್ಲಿ ಕಾರನ್ನು ರಸ್ತೆಗೆ ಒತ್ತಿ ಹಿಡಿಯುತ್ತದೆ. ಬಾನೆಟ್ ಮೇಲಿನ ಕಿಂಡಿಯೂ ನಿಜವಾದದ್ದೇ. ಆದರೆ ಬಂಪರ್ ಮೂಲೆಯ ಜಾಲರಿಯಲ್ಲಿ ಗಾಳಿಗೆ ದಾರಿಯೇ ಇಲ್ಲ, ಬರೀ ಪ್ಲಾಸ್ಟಿಕ್. ನಮ್ಮ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವವರು ಕೆಲಸವಿಲ್ಲದ ಒಂದು ತೂತನ್ನೂ ಕೊರೆಯುವುದಿಲ್ಲ, ಅಲ್ವಾ? 2022ರ ಮಾದರಿಯಲ್ಲಿ ಹೋಂಡಾ ಇದನ್ನೆಲ್ಲ ತುಂಬಾ ಕಡಿಮೆ ಮಾಡಿತು. ಎಷ್ಟು ಚಂದ ಕಾಣುತ್ತದೆ ಆ ಕಾರು!

ಟೊಯೋಟಾ ಜಿಆರ್ ಯಾರಿಸ್ ನೋಡಿ. ಚಕ್ರದ ಮೇಲೆ ಉಬ್ಬಿದ ಆ ಮೈ ಸುಮ್ನೆ ಬಂದದ್ದಲ್ಲ. ರ್‍ಯಾಲಿಗೆಂದು ಚಕ್ರಗಳನ್ನು ಅಗಲಕ್ಕೆ ಸರಿಸಿದ್ದರಿಂದ ಬಂದದ್ದು. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ ಗ್ರಿಲ್ ಸುತ್ತ ಒಂದು ಕೆಂಪು ಗೆರೆ, ಒಳಗೆ ಚೌಕಳಿ ಬಟ್ಟೆಯ ಸೀಟು, ಅಷ್ಟೇ ಸಾಕಾಗಿತ್ತು. ನನಗೆ ಇವತ್ತಿಗೂ ಅದೇ ಇಷ್ಟ.

ಒಪ್ಪದವರು ಖಂಡಿತ ಬನ್ನಿ, ನಿಮ್ಮ ಮಾತು ಕೇಳಬೇಕು. ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್ ಇರುವವರು ಕಾರು ತನ್ನಿ, ಹತ್ತಿರದಿಂದ ನೋಡಿ ಮಾತಾಡೋಣ. ಯಾರ ಕಾರನ್ನೂ ಹೀಯಾಳಿಸಬೇಡಿ, ಸಾಲ ಮಾಡಿ ತಗೊಂಡಿರುತ್ತಾರೆ. ಬೆಳಿಗ್ಗೆ ಅಲ್ಲಿ ವಯಸ್ಸಾದವರು ವಾಕಿಂಗ್ ಮಾಡುತ್ತಾರೆ. ಎಕ್ಸಾಸ್ಟ್ ಸದ್ದು ಬೇಡ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.