ಶ್ರಾವಣದಿಂದ ಒಂದು ಮುಹೂರ್ತಕ್ಕೆ ಒಂದೇ ಮದುವೆ

ಮಂಡ್ಯ

ಮಾನ್ಯ ಗ್ರಾಹಕರೇ,

ನಮಸ್ಕಾರ. ಆಷಾಢ ಬಂತೆಂದರೆ ನಮ್ಮ ಕಸುಬಿನವರಿಗೆ ಒಂಚೂರು ಪುರುಸೊತ್ತು. ಕ್ಯಾಮೆರಾ, ಲೆನ್ಸುಗಳು ಸರ್ವಿಸ್‌ಗೆ ಹೋಗುತ್ತವೆ, ಬಾಕಿ ಆಲ್ಬಂಗಳು ಪ್ರಿಂಟಿಗೆ ಹೋಗುತ್ತವೆ, ಲೆಕ್ಕದ ಪುಸ್ತಕ ಬಿಚ್ಚಿ ಕೂರಲು ಸಮಯ ಸಿಗುತ್ತದೆ. ಈ ಬಿಡುವಿನಲ್ಲಿ ಸ್ಟುಡಿಯೊದವರೆಲ್ಲ ಕೂತು ಮಾಡಿದ ತೀರ್ಮಾನವನ್ನು ತಿಳಿಸಲು ಈ ಪತ್ರ. ಶ್ರಾವಣದ ಮೊದಲ ಮುಹೂರ್ತದಿಂದ ನಾವು ಒಂದು ಮುಹೂರ್ತಕ್ಕೆ ಒಂದೇ ಮದುವೆ ಒಪ್ಪಿಕೊಳ್ಳುತ್ತೇವೆ. ಹಿಂದಿನ ಸಂಜೆಯ ಆರತಕ್ಷತೆಯಿಂದ ಮಾರನೆಯ ದಿನ ಊಟದ ಪಂಕ್ತಿ ಏಳುವವರೆಗೆ ನಮ್ಮ ತಂಡ ನಿಮ್ಮದು. ಯಾರು ಕ್ಯಾಮೆರಾ ಹಿಡಿಯುತ್ತಾರೆ ಅನ್ನುವುದನ್ನು ಹೆಸರು ಸಮೇತ ಕರಾರಿನಲ್ಲಿ ಬರೆದುಕೊಡುತ್ತೇವೆ. ದರವೂ ಏರುತ್ತದೆ, ಅದನ್ನು ಕೊನೆಯ ಸಾಲಿಗೆ ತಳ್ಳುವುದು ಬೇಡವೆಂದು ಇಲ್ಲೇ ಹೇಳುತ್ತಿದ್ದೇವೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ.

ಒಳ್ಳೆಯ ಮುಹೂರ್ತದ ಭಾನುವಾರ ಬಂದರೆ ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲ ಕಡೆಯ ಛತ್ರಗಳೂ ಒಟ್ಟಿಗೆ ತುಂಬುತ್ತವೆ. ಅಂಥ ದಿನ ಒಂದೇ ಸ್ಟುಡಿಯೊ ನಾಲ್ಕೈದು ಮದುವೆ ಹಿಡಿದು, ದಿನದ ಲೆಕ್ಕದಲ್ಲಿ ಹೊರಗಿನ ಹುಡುಗರನ್ನು ಕಳಿಸುವುದು ಈ ಕಸುಬಿನಲ್ಲಿ ನಡೆದುಬಂದ ರೂಢಿ. ಆ ಹುಡುಗರು ಕೆಲಸ ಬಲ್ಲವರೇ ಇರಬಹುದು. ಆದರೆ ನೀವು ನೋಡಿ ಮೆಚ್ಚಿದ ಆಲ್ಬಂ ಒಬ್ಬರು ತೆಗೆದದ್ದು, ಮಂಟಪಕ್ಕೆ ಬಂದವರು ಇನ್ನೊಬ್ಬರು. ಹೆಣ್ಣಿನ ಸೋದರಮಾವ ಯಾರು, ಗಂಡನ್ನು ಸಾಕಿ ಬೆಳೆಸಿದ ಅಜ್ಜಿ ಯಾರು ಎಂದು ಬಂದವರಿಗೆ ಹೇಗೆ ಗೊತ್ತಾಗಬೇಕು? ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತರುವಾಗ ಅವರು ವೇದಿಕೆಯ ಮೇಲೆ ಹೂವಿನ ಅಲಂಕಾರ ತೆಗೆಯುತ್ತಾ ನಿಂತಿರುತ್ತಾರೆ.

ಹಾಗಾಗಿ ನೀವು ನಮ್ಮ ಹತ್ತಿರ ಬನ್ನಿ, ಇನ್ನೊಬ್ಬರ ಹತ್ತಿರ ಹೋಗಿ, ಮೊದಲು ಕೇಳಬೇಕಾದ್ದು ದರವನ್ನಲ್ಲ. ಆ ದಿನ ಬರುವವರು ಯಾರು ಎಂದು ಕೇಳಿ. ಅವರೇ ತೆಗೆದ ಒಂದು ಪೂರ್ತಿ ಮದುವೆಯನ್ನು, ಮೊದಲ ಫೋಟೊದಿಂದ ಕೊನೆಯವರೆಗೆ, ತೋರಿಸಲು ಹೇಳಿ. ಇನ್‌ಸ್ಟಾಗ್ರಾಮಿಗೆ ಹಾಕಲು ಇಪ್ಪತ್ತು ಒಳ್ಳೆಯ ಚಿತ್ರ ಯಾರ ಹತ್ತಿರವೂ ಇರುತ್ತವೆ. ಕತ್ತಲೆ ಛತ್ರದಲ್ಲಿ ಬೆಳಗಿನ ಜಾವ ನಡೆದ ಶಾಸ್ತ್ರ ಹೇಗೆ ಬಂದಿದೆ, ಗುಂಪಿನ ಫೋಟೊದಲ್ಲಿ ಹಿಂದಿನ ಸಾಲಿನವರ ಮುಖ ಕಾಣುತ್ತದೆಯೇ ಎಂದು ನೋಡಿದರೆ ಕೈಚಳಕ ತಿಳಿಯುತ್ತದೆ. ಕ್ಯಾಂಡಿಡ್ (ನಿಲ್ಲಿಸದೆ, ಸಹಜವಾಗಿ ಇದ್ದಹಾಗೆ ತೆಗೆಯುವುದು) ಬೇಕೋ ಟ್ರೆಡಿಷನಲ್ (ನಿಲ್ಲಿಸಿ ತೆಗೆಯುವುದು) ಬೇಕೋ ಅನ್ನುವ ಪ್ರಶ್ನೆ ಆಮೇಲಿನದು. ನಮ್ಮ ಕಡೆ ಎರಡೂ ಬೇಕು. ಸಾಲಾಗಿ ನಿಂತು ತೆಗೆಸಿಕೊಳ್ಳುವ ಫೋಟೊವನ್ನು ಈಗಿನ ಹುಡುಗರು ಹಗುರವಾಗಿ ನೋಡುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಮನೆಯವರು ಹುಡುಕುವುದು ಅದನ್ನೇ.

ಮಾಂಗಲ್ಯಧಾರಣೆಯ ಹೊತ್ತನ್ನೇ ತೆಗೆದುಕೊಳ್ಳಿ. ಪುರೋಹಿತರು ಕೈ ಎತ್ತಿ ಸನ್ನೆ ಮಾಡುತ್ತಾರೆ, ಗಟ್ಟಿಮೇಳ ಶುರುವಾಗುತ್ತದೆ, ಹುಡುಗಿ ತಲೆ ತಗ್ಗಿಸುತ್ತಾಳೆ, ನಾದಿನಿ ಹಿಂದಿನಿಂದ ಹಾರ ಮತ್ತು ಜಡೆ ಎತ್ತಿ ಹಿಡಿಯುತ್ತಾಳೆ, ಎಲ್ಲ ದಿಕ್ಕಿನಿಂದ ಅಕ್ಷತೆ ಬೀಳುತ್ತದೆ. ಅದೇ ಕ್ಷಣಕ್ಕೆ ನೆಂಟರೆಲ್ಲ ಮೊಬೈಲ್ ಎತ್ತಿಕೊಂಡು ವೇದಿಕೆ ಹತ್ತುತ್ತಾರೆ. ಗಂಟು ಬೀಳುವ ಆ ಕೆಲವೇ ಸೆಕೆಂಡಿನಲ್ಲಿ ನಮ್ಮವರ ಲೆನ್ಸಿನ ಮುಂದೆ ದೊಡ್ಡಪ್ಪನವರ ಮೊಣಕೈ ಇದ್ದರೆ ಮುಗಿಯಿತು. ಪುರೋಹಿತರನ್ನು ಮತ್ತೊಮ್ಮೆ ಕಟ್ಟಿಸಿ ಎಂದು ಕೇಳಲಾಗುವುದಿಲ್ಲ, ಕೇಳಲೂಬಾರದು. ಇನ್ನು ಮೇಲೆ ಮುಹೂರ್ತಕ್ಕೆ ಮುಂಚೆಯೇ ನಮ್ಮವರು ಪುರೋಹಿತರ ಹತ್ತಿರ ಹೋಗಿ ಯಾವ ಬದಿಯಲ್ಲಿ ಕೂರುತ್ತೀರಿ, ಅಂತರಪಟ ಯಾವಾಗ ಸರಿಸುತ್ತೀರಿ ಎಂದು ಕೇಳಿಕೊಳ್ಳುತ್ತಾರೆ. ನಿಮ್ಮಿಂದ ಆಗಬೇಕಾದ್ದು ಒಂದೇ. ಮನೆಯವರು ಮಾತು ಕೇಳುವಂಥ ಒಬ್ಬ ಹಿರಿಯರನ್ನು ವೇದಿಕೆಯ ಮೆಟ್ಟಿಲ ಬಳಿ ನಿಲ್ಲಿಸಿ. ಫೋಟೊದವರು ಹೇಳಿದರೆ ಯಾರೂ ಕೆಳಗಿಳಿಯುವುದಿಲ್ಲ, ಮಾವ ಹೇಳಿದರೆ ಇಳಿಯುತ್ತಾರೆ.

ಧಾರೆಯದು ಬೇರೆ ಕಥೆ. ನಮ್ಮ ಕಡೆ ನೆಂಟರೆಲ್ಲ ಸಾಲಾಗಿ ಬಂದು ಹಾಲೆರೆಯುತ್ತಾರಲ್ಲ, ಅದು ಮುಗಿಯಲು ಗಂಟೆಗಟ್ಟಲೆ ಹಿಡಿಯುವುದೂ ಉಂಟು. ಒಬ್ಬ ಫೋಟೊಗ್ರಾಫರ್ ಅಲ್ಲಿಂದ ಕದಲುವಂತಿಲ್ಲ. ಹಾಲೆರೆದ ಮುಖ ಆಲ್ಬಂನಲ್ಲಿ ಇಲ್ಲದಿದ್ದರೆ ಆಮೇಲೆ ಬೀಗರ ನಡುವೆ ಮಾತು ಬರುತ್ತದೆ. ಇನ್ನೊಬ್ಬರು ಆ ಹೊತ್ತಿಗೆ ಮುಯ್ಯಿ ಬರೆಯುವ ಮೇಜು, ಊಟದ ಮನೆ, ಬಾಗಿಲಲ್ಲಿ ಕೂತ ತಾತಂದಿರು ಎಂದು ಓಡಾಡುತ್ತಿರಬೇಕು. ಅದಕ್ಕೇ ಇಬ್ಬರು ಫೋಟೊಗ್ರಾಫರ್‌ಗಳಿಗಿಂತ ಕಡಿಮೆ ತಂಡವನ್ನು ನಾವು ಇನ್ನು ಕಳಿಸುವುದಿಲ್ಲ. ಹೆಣ್ಣಿನ ಕಡೆಯವರದು ಒಂದು ತಂಡ, ಗಂಡಿನ ಕಡೆಯವರದು ಇನ್ನೊಂದು ತಂಡ ಬರುವುದಿದ್ದರೆ ದಯವಿಟ್ಟು ಮುಂಚೆಯೇ ತಿಳಿಸಿ. ಮಾತಾಡಿಕೊಂಡರೆ ಎರಡು ತಂಡ ಸುಖವಾಗಿ ಕೆಲಸ ಮಾಡಬಹುದು.

ವೇದಿಕೆಯ ಹಿಂದೆ ಎಲ್‌ಇಡಿ ವಾಲ್ ಹಾಕಿಸುವವರಿಗೆ ಒಂದು ಮಾತು. ಕಣ್ಣಿಗೆ ಅದು ಚೆನ್ನ. ಆದರೆ ಆ ಪರದೆ ನಮಗೆ ಕಾಣದಷ್ಟು ವೇಗದಲ್ಲಿ ಮಿಣುಕುತ್ತಿರುತ್ತದೆ, ಶಟರ್ ವೇಗ, ಅಂದರೆ ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವ ವೇಗ, ಅದಕ್ಕೆ ಹೊಂದದಿದ್ದರೆ ಫೋಟೊದಲ್ಲಿ ಪಟ್ಟೆ ಬೀಳುತ್ತದೆ. ಮೇಲಿಂದ ನೇರಳೆ ಬಣ್ಣದ ಲೈಟ್ ಬಿಟ್ಟರಂತೂ ಅರಿಶಿನ ಹಚ್ಚಿದ ಮುಖ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳುವುದೇ ಬೇಡ. ಡೆಕೊರೇಷನ್‌ನವರ ನಂಬರ್ ನಮಗೆ ಕೊಡಿ, ನಾವೇ ಮಾತಾಡುತ್ತೇವೆ. ಮುಹೂರ್ತದ ಹೊತ್ತಿಗೆ ಬಣ್ಣದ ಲೈಟ್ ಆರಿಸಿ ಬಿಳಿ ಬೆಳಕು ಬಿಡಲು ಅವರಿಗೇನೂ ಕಷ್ಟವಿಲ್ಲ.

ದರದ ವಿಷಯ. ಇಲ್ಲಿಯವರೆಗೆ ಆಲ್ಬಂ, ವಿಡಿಯೊ, ಮನೆಗೆ ಹಾಕುವ ಫ್ರೇಮು ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಹೇಳುತ್ತಿದ್ದೆವು. ಇನ್ನು ಮೇಲೆ ತೆಗೆಯುವ ಕೂಲಿ ಬೇರೆ, ಆಲ್ಬಂ ಬೇರೆ. ಮದುವೆಗೆ ಮುಂಚೆ 40 ಶೀಟ್ ಬೇಕು ಎಂದವರು ಫೋಟೊ ನೋಡಿದ ಮೇಲೆ 25 ಸಾಕು ಎನ್ನುವುದೂ ಉಂಟು, 60 ಆಗಲಿ ಎನ್ನುವುದೂ ಉಂಟು. ಆಲ್ಬಂ ವಿಷಯದಲ್ಲಿ ಜಗಳ ಹುಟ್ಟುವುದು ಶೀಟ್ ಮತ್ತು ಪುಟದ ಲೆಕ್ಕದಲ್ಲಿ. 12×36 ಆಲ್ಬಂ ತೆರೆದಾಗ ಎಡಬಲ ಸೇರಿ ಕಾಣುವ ಅಗಲ 36 ಇಂಚು, ಅದು ನಮ್ಮ ಲೆಕ್ಕದಲ್ಲಿ ಒಂದು ಶೀಟ್. ಕೆಲವರು ಅದನ್ನೇ ಎರಡು ಪುಟವೆಂದು ಎಣಿಸಿ ಹೇಳುತ್ತಾರೆ. ಎಲ್ಲೇ ಮಾತಾಡಿದರೂ ಯಾವ ಲೆಕ್ಕ ಎಂದು ಬರೆಸಿಕೊಳ್ಳಿ. ಜಿಎಸ್‌ಟಿ ಶೇ 18 ಸೇರಿದೆಯೋ ಇಲ್ಲವೋ ಎಂಬುದನ್ನೂ. ನಮ್ಮ ಹೊಸ ದರಪಟ್ಟಿಯಲ್ಲಿ ಸೇರಿಸಿಯೇ ಬರೆದಿದ್ದೇವೆ. ಹಣ ಮೂರು ಕಂತಿನಲ್ಲಿ: ಬುಕಿಂಗ್‌ಗೆ ಕಾಲು ಭಾಗ, ಮದುವೆಯ ದಿನ ಅರ್ಧ, ಎಲ್ಲ ಫೋಟೊ ನಿಮ್ಮ ಕೈಸೇರಿದ ಮೇಲೆ ಉಳಿದದ್ದು. ಪೂರ್ತಿ ಹಣ ಮುಂಗಡ ಕೇಳುವವರಿಗೆ, ಅವರು ಯಾರೇ ಆಗಲಿ, ಕೊಡಬೇಡಿ.

ಕರಾರಿನಲ್ಲಿ ಹೊಸದಾಗಿ ಸೇರಿಸಿರುವ ಇನ್ನೊಂದು ಅಂಶ ಫೋಟೊಗಳ ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ತೆಗೆಸಿದವರದೇ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗೆಂದು ಕರಾರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಕ್ಕು ಸ್ಟುಡಿಯೊದ್ದು ಎಂದಿದ್ದು ನೀವು ಸಹಿ ಹಾಕಿದರೆ ಕಥೆ ಬದಲಾಗುತ್ತದೆ, ಓದಿ ಸಹಿ ಹಾಕಿ. ನಮ್ಮ ಕರಾರಿನಲ್ಲಿ ಹಕ್ಕು ಮದುಮಕ್ಕಳಿಬ್ಬರದು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನಮ್ಮಲ್ಲಿ ದುಡ್ಡು ಕೊಡುವವರು ಸಾಮಾನ್ಯವಾಗಿ ಅಪ್ಪಂದಿರು. ಆದರೂ ಹುಡುಗ ಹುಡುಗಿ ಇಬ್ಬರೂ ಬಂದು ಸಹಿ ಹಾಕಬೇಕೆಂದು ಕೇಳುತ್ತಿರುವುದು ಇದೇ ಕಾರಣಕ್ಕೆ. ನಮ್ಮ ಜಾಹೀರಾತಿಗೆ, ಇನ್‌ಸ್ಟಾಗ್ರಾಮಿಗೆ ನಿಮ್ಮ ಒಂದು ಫೋಟೊ ಹಾಕಬೇಕಾದರೂ ಆ ಫೋಟೊ ತೋರಿಸಿ, ಇಬ್ಬರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯುತ್ತೇವೆ. ಬೇಡ ಎಂದರೆ ದರದಲ್ಲಿ ವ್ಯತ್ಯಾಸವಿಲ್ಲ.

ಡ್ರೋನ್ ಕೇಳುವವರು ಹೆಚ್ಚಾಗಿದ್ದಾರೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ಕೂಲಿಗೆ ಹಾರಿಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಪ್ರಮಾಣಪತ್ರ ಇರುವವರನ್ನು ಮಾತ್ರ ಕರೆತರುತ್ತೇವೆ, ಅವರ ಕೂಲಿ ಬೇರೆ. ಕನ್ನಂಬಾಡಿ ಕಟ್ಟೆಯ ಮೇಲೆ, ರಂಗನತಿಟ್ಟಿನ ಹಕ್ಕಿಗಳ ಮೇಲೆ ಹಾರಿಸಿ ಎಂದರೆ ಎಷ್ಟು ಕೊಟ್ಟರೂ ಆಗದು. ಪ್ರೀ ವೆಡ್ಡಿಂಗ್‌ಗೆ ಶ್ರೀರಂಗಪಟ್ಟಣದ ಸ್ಮಾರಕಗಳು, ಮೇಲುಕೋಟೆ ಎಂದು ಆಸೆಪಡುವವರು ಅನುಮತಿಗೆ ಸಮಯ ಇಟ್ಟುಕೊಂಡು ಬನ್ನಿ. ಹಿಂದಿನ ದಿನ ಫೋನ್ ಮಾಡಿದರೆ ಗದ್ದೆ ಬದುವಿನಲ್ಲೇ ತೆಗೆಯಬೇಕಾಗುತ್ತದೆ. ನಮ್ಮನ್ನು ಕೇಳಿದರೆ, ಕಟಾವಿಗೆ ಬಂದ ಭತ್ತದ ಗದ್ದೆಗಿಂತ ಚೆಂದದ ಜಾಗ ಈ ಜಿಲ್ಲೆಯಲ್ಲಿಲ್ಲ.

ಫೈಲ್‌ಗಳ ಬಗ್ಗೆ. ಶೂಟಿಂಗ್ ನಡೆಯುವಾಗಲೇ ಪ್ರತಿ ಫೋಟೊ ಎರಡು ಕಾರ್ಡಿನಲ್ಲಿ ಒಟ್ಟಿಗೆ ದಾಖಲಾಗುವಂಥ ಕ್ಯಾಮೆರಾಗಳನ್ನು ಮಾತ್ರ ಇನ್ನು ಬಳಸುತ್ತೇವೆ. ಒಂದು ಕಾರ್ಡ್ ಕೆಟ್ಟರೆ ಇನ್ನೊಂದು ಇರುತ್ತದೆ. ನಾವು ತೆಗೆಯುವ 4ಕೆ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ಜಾಗ ತಿನ್ನುತ್ತದೆ. ಆದ್ದರಿಂದ ಎಲ್ಲರ ಮದುವೆಯನ್ನೂ ಕಾಲಾಂತರಕ್ಕೆ ಇಟ್ಟುಕೊಳ್ಳಲು ನಮ್ಮಿಂದ ಆಗುವುದಿಲ್ಲ. ಫೋಟೊ, ವಿಡಿಯೊ ಕೊಟ್ಟ ದಿನದಿಂದ ಒಂದು ವರ್ಷ ಇಟ್ಟು, ನಿಮಗೆ ಫೋನ್ ಮಾಡಿ ತಿಳಿಸಿ, ಅಳಿಸುತ್ತೇವೆ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಹಾರ್ಡ್‌ಡಿಸ್ಕ್ ತಂದುಕೊಟ್ಟರೆ ಇನ್ನೊಂದು ಪ್ರತಿ ಪುಕ್ಕಟೆ ಹಾಕಿಕೊಡುತ್ತೇವೆ, ಅದನ್ನು ಅತ್ತೆ ಮನೆಯಲ್ಲೊಂದು ತವರು ಮನೆಯಲ್ಲೊಂದು ಇಡಿ.

ಕಾರ್ತಿಕ, ಮಾಘದ ಮದುವೆಗಳಿಗೆ ಈಗಲೇ ದಿನ ಹಿಡಿಯುತ್ತಿದ್ದೇವೆ. ಮುಹೂರ್ತಕ್ಕೆ ಒಂದೇ ಮದುವೆ ಆದ್ದರಿಂದ ಛತ್ರ ಗೊತ್ತಾದ ವಾರದಲ್ಲೇ ಬಂದರೆ ಒಳ್ಳೆಯದು. ಬರುವಾಗ ಲಗ್ನಪತ್ರಿಕೆಯ ಕರಡು ಒಂದು ತನ್ನಿ. ಅದರ ಜೊತೆ ಒಂದು ಹಾಳೆಯಲ್ಲಿ, ತಪ್ಪದೆ ಫೋಟೊದಲ್ಲಿರಬೇಕಾದ ಹಿರಿಯರ ಹೆಸರು, ಸಂಬಂಧ, ಆಗುವುದಾದರೆ ಗುರುತಿಗೆ ಒಂದು ಮೊಬೈಲ್ ಫೋಟೊ. ಭಾನುವಾರ ಮಾತ್ರ ಬೇಡ, ಅಂಗಡಿ ಬಾಗಿಲು ಹಾಕಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸ್ಟುಡಿಯೊ ಬಳಗ