ಬರೆ ಜರಿದಾಗ ಹೊರಬರುವುದನ್ನೂ ನೋಡಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮಳೆಗಾಲದ ತಯಾರಿ ಸಭೆಗಳು ಶುರುವಾಗುವ ಮುಂಚೆ ಒಂದು ಮನವಿ. ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದ ಜಾಗದಲ್ಲಿ ಮಣ್ಣು ತೆಗೆಯುವಾಗ ಹಳೆಯ ಕಾಲದ ವಸ್ತು ಸಿಕ್ಕರೆ ಏನು ಮಾಡಬೇಕು ಅನ್ನುವುದಕ್ಕೆ ಜಿಲ್ಲೆಯಲ್ಲಿ ಒಂದು ಸ್ಪಷ್ಟ ಕ್ರಮ ಬೇಕು.

ಹಿಮದ ನಾಡಿನವರು ಇದನ್ನು ಮಾಡಿ ತೋರಿಸಿದ್ದಾರೆ. 1991ರಲ್ಲಿ ಇಟಲಿ-ಆಸ್ಟ್ರಿಯಾ ಗಡಿಯ ಆಲ್ಪ್ಸ್‌ನಲ್ಲಿ, ಕರಗುತ್ತಿದ್ದ ಹಿಮದಲ್ಲಿ ಚಾರಣಿಗರಿಗೆ ಒಂದು ಶವ ಕಂಡಿತು. ಅದು ಸುಮಾರು 5,300 ವರ್ಷ ಹಳೆಯದು. ತಾಮ್ರದ ಕೊಡಲಿ, ತೊಗಲಿನ ಉಡುಪು, ಒಳಗೆ ಹುಲ್ಲು ತುಂಬಿದ ಪಾದರಕ್ಷೆ ಎಲ್ಲವೂ ಜೊತೆಗಿದ್ದವು. ಕರುಳಿನಲ್ಲಿದ್ದ ಹೂವಿನ ಪರಾಗದಿಂದ ಅವನು ಯಾವ ಋತುವಿನಲ್ಲಿ ಸತ್ತ ಅನ್ನುವುದೂ ತಿಳಿಯಿತು! ನಾರ್ವೆಯ ಲೆಂಡ್‌ಬ್ರೀನ್ ಎಂಬ ಬೆಟ್ಟದ ದಾರಿಯಲ್ಲಿ ಸುಮಾರು 1,700 ವರ್ಷ ಹಳೆಯ ಉಣ್ಣೆ ಅಂಗಿ ಸಿಕ್ಕಿದೆ. ಕುದುರೆ ಲಾಳಗಳೂ ಸಿಕ್ಕಿವೆ. ಅಲ್ಲಿನ ಪುರಾತತ್ವದವರು ಬೇಸಿಗೆಯ ಕೊನೆಗೆ, ಹೊಸ ಹಿಮ ಬೀಳುವ ಮುಂಚೆ, ಹತ್ತಿ ಹುಡುಕುತ್ತಾರೆ. ತಡವಾದರೆ ಉಣ್ಣೆ, ಮರ ಗಾಳಿ ಬಿಸಿಲಿಗೆ ಹಾಳಾಗುತ್ತವೆ.

ನಮ್ಮ ಬೆಟ್ಟ ತೆರೆದುಕೊಳ್ಳುವುದು ಮಳೆಗೆ. 2018ರಲ್ಲಿ ಮಕ್ಕಂದೂರು, ಜೋಡುಪಾಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆ ದಿನಗಳಲ್ಲಿ ಜೀವ ಉಳಿಸುವುದೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುತ್ತಿರುವುದು ಆಮೇಲಿನ ವಾರಗಳ ಬಗ್ಗೆ.

ಕೊಡಗಿನ ಮಣ್ಣಿನಲ್ಲಿ ಏನಿದೆ ಅನ್ನುವುದು ಗೊತ್ತಿಲ್ಲದ ವಿಷಯವಲ್ಲ. ಊರಿನವರು ಪಾಂಡವ ಪಾರೆ ಅನ್ನುವ ಕಲ್ಲಿನ ಗೋರಿಗಳಿವೆ. ಹಿಂದಿನವರು ತೋಡಿದ ಕಡಂಗಗಳು, ಅಂದರೆ ಉದ್ದನೆಯ ಕಂದಕಗಳು, ಇವೆ. ಆದರೆ ನಮ್ಮ ಒದ್ದೆ, ಹುಳಿ ಮಣ್ಣಿನಲ್ಲಿ ತೊಗಲು, ಬಟ್ಟೆ ಉಳಿಯುವುದು ಕಷ್ಟ. ಜಾಸ್ತಿ ಉಳಿಯುವುದು ಮಡಕೆ, ಕಲ್ಲು, ಕಬ್ಬಿಣ. ಹಾಗಾಗಿ ಅವು ಎಲ್ಲಿ, ಎಷ್ಟು ಆಳದಲ್ಲಿ, ಯಾವ ಪದರದಲ್ಲಿ ಇದ್ದವು ಅನ್ನುವುದೇ ಅರ್ಧ ಮಾಹಿತಿ. ಜೆಸಿಬಿ ಒಮ್ಮೆ ಬಾಚಿದರೆ ಅದು ಹೋಯಿತು, ಅಲ್ವಾ?

ಪದರಗಳಿಗೂ ಬೆಲೆಯಿದೆ. ಪಕ್ಕದ ನೀಲಗಿರಿಯ ಜೌಗು ಮಣ್ಣನ್ನು ಪರೀಕ್ಷಿಸಿ, ಕಳೆದ 20 ಸಾವಿರ ವರ್ಷಗಳಲ್ಲಿ ಮುಂಗಾರು ಯಾವಾಗ ಜೋರಾಗಿತ್ತು, ಯಾವಾಗ ಸೊರಗಿ ಹುಲ್ಲು ಹಬ್ಬಿತು ಎಂದು ವಿಜ್ಞಾನಿಗಳು ತಿಳಿದಿದ್ದಾರೆ. ಮಳೆಯನ್ನೇ ನಂಬಿ ಬದುಕುವ ನಮಗೆ ಇದು ಸುಮ್ನೆ ಕುತೂಹಲದ ವಿಷಯವಲ್ಲ.

ಕೇಳುವುದು ದೊಡ್ಡದೇನಲ್ಲ. ಮಣ್ಣು ತೆಗೆಯುವ ಗುತ್ತಿಗೆದಾರರಿಗೆ, ಪಂಚಾಯಿತಿಗಳಿಗೆ ಒಂದು ಫೋನ್ ನಂಬರ್ ಕೊಡಿ. ಏನಾದರೂ ಕಂಡರೆ ಆ ಜಾಗದಲ್ಲಿ ಅರ್ಧ ದಿನ ಕೆಲಸ ನಿಲ್ಲಲಿ, ಯಾರಾದರೂ ಬಂದು ಫೋಟೊ ತೆಗೆದು ಅಳತೆ ಬರೆದುಕೊಳ್ಳಲಿ. ಮಡಿಕೇರಿ ಕೋಟೆಯಲ್ಲೇ ಸರ್ಕಾರಿ ಮ್ಯೂಸಿಯಂ ಇದೆ, ಅವರನ್ನು ಜೊತೆಗೆ ಸೇರಿಸಿಕೊಳ್ಳಿ. ಇನ್ನೊಂದು ಮಾತು ಮುಖ್ಯ. ಸುದ್ದಿ ಕೊಟ್ಟರೆ ತೋಟ ಕೈಬಿಟ್ಟು ಹೋಗುತ್ತದೆ ಎಂಬ ಭಯ ಬೆಳೆಗಾರರಲ್ಲಿದೆ. ಕಾನೂನು ನಿಜವಾಗಿ ಏನು ಹೇಳುತ್ತದೆ ಎಂದು ನಿಮ್ಮ ಕಚೇರಿಯೇ ಸರಳ ಕನ್ನಡದಲ್ಲಿ ಬರೆದು ಪ್ರತಿ ಗ್ರಾಮಸಭೆಯಲ್ಲಿ ಓದಿಸಲಿ. ಜೂನ್ ಮೊದಲ ವಾರಕ್ಕೆ ಮುಂಚೆ ಇಷ್ಟಾದರೆ, ಈ ಮಳೆಗಾಲಕ್ಕೇ ಉಪಯೋಗವಾಗುತ್ತದೆ.

ಇಂತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ