ಹೋಂವರ್ಕ್ ಮಕ್ಕಳೇ ಮಾಡಲಿ

ಮೂರನೇ ಕ್ಲಾಸಿನ ಪೋಷಕರೆಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಸುತ್ತ ಈಗ ಕಾಫಿ ಕುಯ್ಲು ಜೋರು. ತೋಟದಿಂದ ಬರುವಷ್ಟರಲ್ಲಿ ನಿಮಗೂ ಸಾಕಾಗಿರುತ್ತದೆ, ಗೊತ್ತು. ಆದರೂ ಹೋಂವರ್ಕ್ ನೀವೇ ಬರೆದು ಕಳಿಸಬೇಡಿ. ಈ ವಾರ ನಾಲ್ಕು ಪುಸ್ತಕದಲ್ಲಿ ದೊಡ್ಡವರ ಅಕ್ಷರ ಇತ್ತು.

ಲೆಕ್ಕ ತಪ್ಪಾದರೆ ತಕ್ಷಣ ಅಳಿಸಬೇಡಿ. "ಹೇಗೆ ಮಾಡಿದೆ, ಹೇಳು ಪುಟ್ಟಾ" ಅಂತ ಕೇಳಿ. 52ರಲ್ಲಿ 38 ಕಳೆ ಅಂದರೆ ತುಂಬಾ ಮಕ್ಕಳು 26 ಅಂತ ಬರೆಯುತ್ತಾರೆ. 2ರಲ್ಲಿ 8 ಹೋಗುವುದಿಲ್ಲ ಅಂತ ತಿರುಗಿಸಿ, 8ರಲ್ಲಿ 2 ಕಳೆದಿರುತ್ತಾರೆ. ಅದು ಸೋಮಾರಿತನ ಅಲ್ಲ, ಬೈಯಬೇಡಿ. ಕಡ್ಡಿ ಮುರಿದು ಹತ್ತತ್ತರ ಐದು ಕಟ್ಟು ಮಾಡಿ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಡಿ. ಒಂದು ಕಟ್ಟನ್ನು ಮಗುವೇ ಬಿಚ್ಚಲಿ. ಈಗ ಬಿಡಿ ಕಡ್ಡಿ 12. ಎಂಟು ತೆಗೆದರೆ ನಾಲ್ಕು. ಉಳಿದ ನಾಲ್ಕು ಕಟ್ಟಿನಲ್ಲಿ ಮೂರು ತೆಗೆದರೆ ಒಂದು. 14! ರಬ್ಬರ್ ಬ್ಯಾಂಡ್ ಬಿಚ್ಚುವಾಗ ಅವರ ಮುಖ ನೋಡಬೇಕು ನೀವು.

ಕನ್ನಡ ಪಾಠ ಅಜ್ಜಿಯ ಪಕ್ಕ ಕೂರಿಸಿ ಜೋರಾಗಿ ಓದಿಸಿ. ಅಜ್ಜಿಗೆ ಓದು ಬರದಿದ್ದರೂ ಕೇಳಿಸಿಕೊಂಡರೆ ಸಾಕು.

ಮಗು ಎಲ್ಲಿ ನಿಂತುಹೋಯಿತೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೀಟು ಹಾಕಿ ಕಳಿಸಿ. ಬೆಳಿಗ್ಗೆ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ.